ಗುಬ್ಬಿ ತೋಟದಪ್ಪ

ಗುಬ್ಬಿ ತೋಟದಪ್ಪ (1838 – 21 ಫೆಬ್ರವರಿ 1910) ಬೆಂಗಳೂರಿನಲ್ಲಿ ನೆಲೆಸಿದ್ದ ವರ್ತಕರು ಹಾಗೂ ದಾನಿಗಳು. ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಬೆಂಗಳೂರು ನಗರ ರೈಲು ನಿಲ್ದಾಣದ ಸಮೀಪ ಜಮೀನು ಖರೀದಿಸಿ, ಪ್ರಯಾಣಿಕರಿಗೆ ಧರ್ಮಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯವನ್ನೂ ಸ್ಥಾಪಿಸಿದರು. ತಮ್ಮ ಆಸ್ತಿಯನ್ನು ದತ್ತಿಯಾಗಿ ಬಿಟ್ಟುಹೋದ ಕಾರಣ ಈ ಸಂಸ್ಥೆಗಳು ಅವರ ಕಾಲಾನಂತರವೂ ಮುಂದುವರಿದಿವೆ.

ಆರಂಭಿಕ ಜೀವನ

ತೋಟದಪ್ಪನವರು 1838ರಲ್ಲಿ ಇಂದಿನ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ, ಲಿಂಗಾಯತ ಕುಟುಂಬವೊಂದರಲ್ಲಿ ಜನಿಸಿದರು. ಬೆಂಗಳೂರಿಗೆ ಬಂದು ನೆಲೆಸಿದ ನಂತರ ಪೇಟೆಯ ಭಾಗವಾದ ಮಾಮೂಲುಪೇಟೆಯಲ್ಲಿ ಅಂಗಡಿ ನಡೆಸಿದರು. ಅವರ ಸಂಪತ್ತಿಗೆ ಮೂಲ ಈ ವ್ಯಾಪಾರವೇ.

ಜಮೀನು ಖರೀದಿ

ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ 1864ರಲ್ಲಿ ರೈಲು ಬಂದಿತು. 1880ರ ದಶಕದಲ್ಲಿ ಮೈಸೂರು ಮತ್ತು ತುಮಕೂರು ಕಡೆಯ ಮಾರ್ಗಗಳು ಪೂರ್ಣಗೊಂಡ ಮೇಲೆ, ಪೇಟೆಯ ಪಶ್ಚಿಮಕ್ಕಿದ್ದ ನಗರ ನಿಲ್ದಾಣವು ಸಂಸ್ಥಾನದ ಊರುಗಳಿಂದ ಬರುವವರು ಇಳಿಯುವ ಸ್ಥಳವಾಯಿತು. ಕಚೇರಿ, ವ್ಯಾಪಾರ, ವ್ಯಾಸಂಗಗಳಿಗೆಂದು ಬರುವ ಹೊರಊರಿನವರಿಗೆ ತಂಗಲು ಸ್ಥಳದ ಅಗತ್ಯ ಹೆಚ್ಚಿತು.

1897ರಲ್ಲಿ ತೋಟದಪ್ಪನವರು ನಿಲ್ದಾಣದ ಬಳಿ, ಧರ್ಮಾಂಬುಧಿ ಕೆರೆಯ ಸಮೀಪದಲ್ಲಿ, ಸುಮಾರು 2.5 ಎಕರೆ ಜಮೀನನ್ನು ರೈಲ್ವೆಯಿಂದ 10,000 ರೂಪಾಯಿಗಳಿಗೆ ಖರೀದಿಸಿದರು. ಅಂದರೆ ಎಕರೆಗೆ ಸುಮಾರು 4,000 ರೂಪಾಯಿ ಬಿದ್ದಿತು. ಆಗ ಅದು ಪೇಟೆಯ ಅಂಚಿನ ಭೂಮಿ. ಮರುವರ್ಷ, 1898ರಲ್ಲಿ, ಬೆಂಗಳೂರಿನಲ್ಲಿ ಪ್ಲೇಗ್ ಹರಡಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳೊಂದಿಗೆ ನಗರವು ಪೇಟೆಯಿಂದಾಚೆಗೆ ಬೆಳೆಯತೊಡಗಿತು. ಧರ್ಮಾಂಬುಧಿ ಕೆರೆ ಮುಂದೆ ಬತ್ತಿ, ಅದರ ಅಂಗಳದಲ್ಲಿ ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ತಲೆಯೆತ್ತಿತು. ಹೀಗೆ ಅಂಚಿನಲ್ಲಿದ್ದ ಜಾಗವು ನಗರದ ಅತ್ಯಂತ ಜನನಿಬಿಡ ಹಾಗೂ ಬೆಲೆಬಾಳುವ ಪ್ರದೇಶಗಳಲ್ಲೊಂದಾಯಿತು.

ಧರ್ಮಛತ್ರ

ಈ ಜಮೀನಿನಲ್ಲಿ ನಿರ್ಮಿಸಿದ ಧರ್ಮಛತ್ರವನ್ನು 11 ಫೆಬ್ರವರಿ 1903ರಂದು ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಉದ್ಘಾಟಿಸಿದರು. ರೈಲಿನಿಂದ ಇಳಿದವರು ನಡೆದೇ ತಲುಪಬಹುದಾದಷ್ಟು ಹತ್ತಿರದಲ್ಲಿದ್ದುದು ಇದರ ಮುಖ್ಯ ಅನುಕೂಲ. ಗ್ರಾಮಾಂತರ ಪ್ರದೇಶಗಳಿಂದ ಓದಲು ಬರುತ್ತಿದ್ದ ಬಡ ಹುಡುಗರಿಗೆ ವಸತಿಯ ಕೊರತೆಯೇ ದೊಡ್ಡ ಅಡ್ಡಿಯಾಗಿದ್ದ ಕಾಲದಲ್ಲಿ ಉಚಿತ ವಿದ್ಯಾರ್ಥಿನಿಲಯವೂ ಆರಂಭಗೊಂಡಿತು.

ದತ್ತಿ

ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಅವರು ತಮ್ಮ ಸ್ವತ್ತನ್ನು ಬಂಧುಗಳಿಗೆ ಹಂಚದೆ ಧರ್ಮಕಾರ್ಯಕ್ಕೆ ಮೀಸಲಿಟ್ಟು, ಅದರ ಆಡಳಿತವನ್ನು ಟ್ರಸ್ಟಿಗೆ ಒಪ್ಪಿಸಿದರು. ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು ಟ್ರಸ್ಟಿನ ಮೊದಲ ಅಧ್ಯಕ್ಷರಾದರು. ಒಂದೇ ಬಾರಿಗೆ ಹಣವನ್ನು ದಾನ ಮಾಡಿದ್ದರೆ ಅದು ಕೆಲವೇ ವರ್ಷಗಳಲ್ಲಿ ಖರ್ಚಾಗಿಬಿಡುತ್ತಿತ್ತು. ಭೂಮಿ ಮತ್ತು ಕಟ್ಟಡಗಳು ದತ್ತಿಯ ಹೆಸರಿನಲ್ಲಿ ಉಳಿದುದರಿಂದ ಮೂಲಧನ ಕರಗಲಿಲ್ಲ. ಸ್ವತ್ತಿನ ಉತ್ಪನ್ನದಿಂದ ವೆಚ್ಚವನ್ನು ಭರಿಸುವ ದಾರಿ ಉಳಿಯಿತು. ನಗರ ಬೆಳೆದಂತೆ ನೆಲದ ಬೆಲೆ ಏರಿದ ಲಾಭವೂ ಖಾಸಗಿ ವ್ಯಕ್ತಿಗಳಿಗೆ ಹೋಗದೆ ದತ್ತಿಗೇ ಸಂದಿತು.

ಗೌರವ ಮತ್ತು ನಿಧನ

ಇವರ ಸೇವೆಯನ್ನು ಮನ್ನಿಸಿ ಮಹಾರಾಜರು 1905ರಲ್ಲಿ ಧರ್ಮಪ್ರವರ್ತ ಎಂಬ ಬಿರುದನ್ನು ನೀಡಿದರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ದೊರೆಯಿತು. ಕೊನೆಯ ದಿನಗಳಲ್ಲಿ ಹುಟ್ಟೂರಾದ ಗುಬ್ಬಿಗೆ ಮರಳಿದ ಅವರು 21 ಫೆಬ್ರವರಿ 1910ರಂದು ನಿಧನರಾದರು. ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ ಚಾರಿಟೀಸ್ ಎಂಬ ಹೆಸರಿನಲ್ಲಿ ದತ್ತಿಯು ಇಂದಿಗೂ ಕಾರ್ಯನಿರತವಾಗಿದೆ. ಛತ್ರದ ಮುಂದಿನ ರಸ್ತೆಗೆ ಗುಬ್ಬಿ ತೋಟದಪ್ಪ ರಸ್ತೆ ಎಂಬ ಹೆಸರಿದೆ.