ರೈಸ್ ಸಾಹೇಬರ ಶಾಸನಸಂಖ್ಯೆ

ಬೆಂಜಮಿನ್ ಲೂಯಿಸ್ ರೈಸ್ ಅವರು 1837ರಲ್ಲಿ ಬೆಂಗಳೂರಿನ ಮಿಷನರಿ ಕುಟುಂಬವೊಂದರಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಮರಳಿದರು. ಮುಂದೆ ಮೈಸೂರು ಹಾಗೂ ಕೊಡಗಿನ ವಿದ್ಯಾ ಇಲಾಖೆಯ ನಿರ್ದೇಶಕರಾದರು. ಶಾಲೆಗಳ ತಪಾಸಣೆಗೆಂದು ಊರೂರು ಸುತ್ತಿದ ಈ ಅಧಿಕಾರಿಯನ್ನು ಶಿಲಾಶಾಸನಗಳು ಸೆಳೆದವು. 1886ರಲ್ಲಿ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ಹೊರಬಂದಿತು. ಅದು ಕೊಡಗಿನ ಸಂಪುಟವೆಂಬುದನ್ನು ನಮ್ಮ ಜಿಲ್ಲೆಯವರೇ ಅನೇಕರು ಅರಿಯರು. 1905ರ ವೇಳೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಚ್ಚಾದವು.

ಅಷ್ಟು ಶಾಸನಗಳಲ್ಲಿ ಒಂದನ್ನು ತಪ್ಪದೆ ಗುರುತಿಸುವುದು ಹೇಗೆ? ಅರಸನ ಹೆಸರು ಸಾಲದು. ಒಬ್ಬನ ಶಾಸನಗಳೇ ಹತ್ತಾರು. ಕಾಲವೂ ಸಾಲದು. ಅನೇಕ ಶಾಸನಗಳಲ್ಲಿ ತೇದಿಯೇ ಇಲ್ಲ. ಮಡಿಕೇರಿಯ ತಾಮ್ರಪಟದಲ್ಲಿ 388 ಎಂಬ ವರ್ಷವಿದೆ, ಯಾವ ಶಕೆಯೆಂಬುದಿಲ್ಲ. ಅದು ನಂತರದ ಕಾಲದ ಕೂಟಶಾಸನವೆಂದು ಹಲವು ವಿದ್ವಾಂಸರ ಮತ. ರೈಸ್ ಅವರು ಅರ್ಥವಿಲ್ಲದ ಬರಿಯ ಕ್ರಮಸಂಖ್ಯೆಯನ್ನು ನೆಚ್ಚಿದರು, ಹೆಚ್ಚಿನ ಸಂಪುಟಗಳಲ್ಲಿ ತಾಲ್ಲೂಕಿಗೊಂದರಂತೆ ಅದನ್ನು ಒಂದರಿಂದ ಆರಂಭಿಸಿದರು. ಸೊರಬದ 10 ಬೇರೆ, ಶಿಕಾರಿಪುರದ 10 ಬೇರೆ. ಕಂದಾಯ ಇಲಾಖೆ ಬಲ್ಲವರಿಗೆ ಇದು ಹೊಸತಲ್ಲ. ಸರ್ವೆ ನಂಬರು ಕೂಡ ಗ್ರಾಮದ ಹೆಸರಿಲ್ಲದೆ ನಿರರ್ಥಕ.

ಇಂದು ಇಂಥ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವವರು ಎಡವುವುದು ಇಲ್ಲಿಯೇ. ಪ್ರತಿ ದತ್ತಸಂಚಯವೂ ತನ್ನ ಕೋಷ್ಟಕಗಳ ಬಗೆಗೇ ಒಂದು ಸೂಚಿಯನ್ನು ಇಟ್ಟುಕೊಂಡಿರುತ್ತದೆ. ಪ್ರೈಮರಿ ಕೀ ಯಾವುದೆಂದು ಅದನ್ನು ಕೇಳಿದರೆ, ತಾಲ್ಲೂಕು ಒಂದು ಸಾಲಾಗಿ, ಸಂಖ್ಯೆ ಮತ್ತೊಂದು ಸಾಲಾಗಿ ಉತ್ತರ ಬರುತ್ತದೆ. ಎರಡೂ ಸೇರಿ ಒಂದೇ ಕೀ ಎಂಬುದನ್ನು ನಿರ್ಬಂಧದ ಹೆಸರಿನಿಂದ ಕೂಡಿಸಿ ನೋಡಬೇಕು. ಆ ಹೆಸರು ಬೇರೆ ಕೋಷ್ಟಕದಲ್ಲೂ ಇರಬಹುದಾದ್ದರಿಂದ ಕೋಷ್ಟಕದ ಹೆಸರನ್ನೂ ಜೊತೆಗಿಡಬೇಕು. ಹಾಗೆ ಮಾಡದವನಿಗೆ ತಾಲ್ಲೂಕೊಂದೇ ಅನನ್ಯವೆಂಬ ಭ್ರಮೆ ಹುಟ್ಟುತ್ತದೆ. ಯೂನಿಕ್ ಕೀಯನ್ನು ಪ್ರೈಮರಿ ಕೀಯೆಂದು ಭಾವಿಸುವುದು ಇನ್ನೊಂದು ತಪ್ಪು. ಮೊದಲನೆಯದು ಸಾಮಾನ್ಯವಾಗಿ ಖಾಲಿ ಜಾಗವನ್ನು ಸಹಿಸುತ್ತದೆ, ಎರಡನೆಯದು ಸಹಿಸದು.

ಇದಕ್ಕಿಂತ ದೊಡ್ಡ ತೊಡಕು ಪರಿಷ್ಕರಣೆಯದು. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ ಪ್ರಕಟಿಸಿದ್ದು 144 ಶಾಸನ, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. ಸಂಖ್ಯೆಗಳೆಲ್ಲ ಸರಿದವು. ಆಚಾರ್ಯರು ಹಳೆಯ ಸಂಖ್ಯೆಯನ್ನು ಆವರಣದಲ್ಲಿ ಉಳಿಸಿಕೊಂಡರು. ಅವರ ಈ ಎಚ್ಚರ ನನಗಂತೂ ಯಾವ ಸಂಶೋಧನೆಗೂ ಕಡಿಮೆಯದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಹೊಸ ಆವೃತ್ತಿಯೂ 1972ರಲ್ಲಿ ಕೊಡಗಿನಿಂದಲೇ ಆರಂಭವಾಯಿತು. ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಕೊಟ್ಟ ಲೇಖನವು ಓದುಗನನ್ನು ಬೇರೊಂದು ಕಲ್ಲಿನ ಮುಂದೆ ನಿಲ್ಲಿಸೀತು.

1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೂ ರೈಸ್ ಕೈಕಟ್ಟಿ ಕೂರಲಿಲ್ಲ. ತಮ್ಮ ಮೊದಲ ಸಂಪುಟವಾದ ಕೊಡಗಿನ ಶಾಸನಗಳನ್ನೇ ತಿದ್ದಿ 1914ರಲ್ಲಿ ಮತ್ತೆ ಪ್ರಕಟಿಸಿದರು. 1927ರಲ್ಲಿ ಹ್ಯಾರೋದಲ್ಲಿ ನಿಧನರಾದರು.