ಅಡುಗೆಮನೆಯ ಬಲೂನಿನಿಂದ ಔಷಧ ಲೇಪಿಸಿದ ಸ್ಟೆಂಟ್‌ವರೆಗೆ: ಆಂಡ್ರಿಯಾಸ್ ಗ್ರುಂಟ್ಸಿಗ್

ಹೃದಯದ ರಕ್ತನಾಳ ಕಟ್ಟಿಕೊಂಡರೆ ಸ್ಟೆಂಟ್ ಹಾಕುವುದು ಈಗ ಮಾಮೂಲಿ ಚಿಕಿತ್ಸೆ. ಅದಕ್ಕೆ ದಾರಿ ಮಾಡಿಕೊಟ್ಟವರು ಜರ್ಮನಿಯ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್.

1939ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಅವರು ಹೈಡೆಲ್‌ಬರ್ಗ್‌ನಲ್ಲಿ ವೈದ್ಯಕೀಯ ಓದಿ, 1969ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸೇರಿದರು. ಅಮೆರಿಕದ ಚಾರ್ಲ್ಸ್ ಡಾಟರ್ ಆ ಹೊತ್ತಿಗಾಗಲೇ ಕಾಲಿನ ರಕ್ತನಾಳದೊಳಗೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆ ತೂರಿಸಿ ತಡೆಯನ್ನು ತೆರೆದು ತೋರಿಸಿದ್ದರು. ಕೊಳವೆಯ ತುದಿಗೆ ಪುಟ್ಟ ಬಲೂನು ಜೋಡಿಸಿ, ತಡೆ ಇರುವ ಜಾಗದಲ್ಲೇ ಉಬ್ಬಿಸಿದರೆ ಹೇಗೆ ಎಂದು ಗ್ರುಂಟ್ಸಿಗ್ ಯೋಚಿಸಿದರು. ಮೆತ್ತನೆಯ ರಬ್ಬರ್ ಗಟ್ಟಿ ಜಾಗವನ್ನು ಬಿಟ್ಟು ಅಕ್ಕಪಕ್ಕಕ್ಕೆ ಉಬ್ಬುತ್ತದೆ. ಹಾಗಾಗಿ ಗೊತ್ತಾದ ಗಾತ್ರಕ್ಕಿಂತ ಹೆಚ್ಚು ಹಿಗ್ಗದ ಪಿವಿಸಿ ಬಳಸಿದರು. ಹೆಂಡತಿ ಮತ್ತು ಸಹಾಯಕಿ ಮರಿಯಾ ಶ್ಲುಂಪ್ಫ್ ಅವರ ನೆರವಿನಿಂದ, ಮನೆಯ ಅಡುಗೆಮನೆಯ ಮೇಜಿನ ಮೇಲೆಯೇ ಬಲೂನುಗಳು ತಯಾರಾದವು.

1974ರಲ್ಲಿ ಕಾಲಿನ ರಕ್ತನಾಳದಲ್ಲಿ ಅದು ಫಲ ಕೊಟ್ಟಿತು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ 38 ವರ್ಷದ ರೋಗಿಯ ಹೃದಯದ ರಕ್ತನಾಳವನ್ನು ಎದೆ ಸೀಳದೆ ತೆರೆದರು. ಹತ್ತು ವರ್ಷದ ಬಳಿಕವೂ ಆ ನಾಳ ತೆರೆದೇ ಇತ್ತು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಕೆಲವೇ ತಿಂಗಳಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಹಿಗ್ಗಿದ ಗೋಡೆ ಮತ್ತೆ ಕುಗ್ಗುವುದು ಒಂದು ಕಾರಣ. ಬಲೂನಿನಿಂದಾದ ಗಾಯ ಮಾಯುವಾಗ ಜೀವಕೋಶಗಳು ಅತಿಯಾಗಿ ಬೆಳೆಯುವುದು ಇನ್ನೊಂದು. 1980ರಲ್ಲಿ ಅಮೆರಿಕದ ಎಮರಿ ವಿಶ್ವವಿದ್ಯಾಲಯಕ್ಕೆ ಹೋದ ಗ್ರುಂಟ್ಸಿಗ್ ಇದಕ್ಕೆ ಪರಿಹಾರ ಕಾಣಲಿಲ್ಲ. 1985ರ ಅಕ್ಟೋಬರ್ 27ರಂದು, ತಾವೇ ನಡೆಸುತ್ತಿದ್ದ ವಿಮಾನ ಬಿದ್ದು 46ನೇ ವಯಸ್ಸಿನಲ್ಲಿ ತೀರಿಕೊಂಡರು.

ಮರುವರ್ಷ ಫ್ರಾನ್ಸ್‌ನಲ್ಲಿ ಮೊದಲ ಬಾರಿಗೆ ಮನುಷ್ಯರ ಹೃದಯದ ನಾಳಕ್ಕೆ ಲೋಹದ ಬಲೆ, ಅಂದರೆ ಸ್ಟೆಂಟ್, ಕೂರಿಸಲಾಯಿತು. ಅದು ಗೋಡೆ ಕುಗ್ಗುವುದನ್ನು ತಡೆಯಿತು. ಆದರೆ ಬಲೆಯ ಕಣ್ಣುಗಳ ನಡುವೆ ಜೀವಕೋಶಗಳು ಬೆಳೆಯುವುದು ನಿಲ್ಲಲಿಲ್ಲ. ಕೊನೆಗೆ ಸ್ಟೆಂಟಿಗೆ ತೆಳುವಾದ ಪಾಲಿಮರ್ ಪದರ ಬಳಿದು, ಅದರಲ್ಲಿ ಸಿರೊಲಿಮಸ್ ಎಂಬ ಔಷಧ ಸೇರಿಸಿದರು. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ ಈ ಔಷಧ ವಾರಗಟ್ಟಲೆ ನಿಧಾನವಾಗಿ ಹೊರಬಂದು, ಜೀವಕೋಶಗಳು ವಿಭಜನೆಯಾಗದಂತೆ ತಡೆಯುತ್ತದೆ. 1999ರಲ್ಲಿ ಬ್ರೆಜಿಲ್‌ನ ರೋಗಿಗಳಿಗೆ ಇಂಥ ಸ್ಟೆಂಟ್ ಹಾಕಲಾಯಿತು. ನಾಳ ಮತ್ತೆ ಕಿರಿದಾಗುವುದು ಬಹಳ ಕಡಿಮೆಯಾಯಿತು.

ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮಾತ್ರೆ ಬೇಕಿಲ್ಲ ಎಂದು ಹಲವರು ನಂಬುತ್ತಾರೆ. ಇದು ತಪ್ಪು. ಅತಿಬೆಳವಣಿಗೆಯನ್ನು ತಡೆಯುವ ಅದೇ ಔಷಧ, ಸ್ಟೆಂಟಿನ ಮೇಲೆ ನಾಳದ ಒಳಪೊರೆ ಹರಡುವುದನ್ನೂ ನಿಧಾನಗೊಳಿಸುತ್ತದೆ. ಪೊರೆ ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹಾಗಾದರೆ ಹೃದಯಾಘಾತ ಆದೀತು. ಆದ್ದರಿಂದ ಹಲ್ಲು ಕೀಳಿಸಬೇಕಾಗಿ ಬಂದರೂ, ಹೃದ್ರೋಗ ವೈದ್ಯರನ್ನು ಕೇಳದೆ ಆ ಮಾತ್ರೆಗಳನ್ನು ನಿಲ್ಲಿಸಬೇಡಿ.