ಸಾಲಿನ ನಡುವೆ ನಿಂತ ಮೆಲ್ ಹೈನ್

ಹೋಟೆಲಿಗೆ ಬಂದ ಗಿರಾಕಿಯು ತಿಂಡಿ ತಂದಿಟ್ಟ ಮಾಣಿಯನ್ನು ಬಲ್ಲನು, ಗಲ್ಲಾದಲ್ಲಿ ಕುಳಿತ ಯಜಮಾನನನ್ನೂ ಬಲ್ಲನು. ಒಳಗೆ ಒಲೆಯ ಮುಂದೆ ಬೆವರು ಸುರಿಸುವ ಭಟ್ಟರ ಹೆಸರನ್ನು ಕೇಳುವವರು ವಿರಳ. ಅಮೇರಿಕೆಯ ಫುಟ್‌ಬಾಲ್ ಆಟದಲ್ಲಿ ಲೈನ್‌ಮನ್ ಎನಿಸಿಕೊಂಡವರ ಪಾಡೂ ಬಹುಮಟ್ಟಿಗೆ ಇದೇ. ಅಲ್ಲಿನ ಫುಟ್‌ಬಾಲು ನಮ್ಮ ಮೈದಾನಗಳ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಕಾಳಗವದು. ಏಳು ಮಂದಿ ಸಾಲಾಗಿ ಬಾಗಿ ನಿಂತು ದಾರಿ ಬಿಡಿಸಬೇಕು. ಓಡಿ ಅಂಕ ಗಳಿಸುವವನು ಸಾಮಾನ್ಯವಾಗಿ ಅವರ ಹಿಂದಿರುವವನು.

ಆ ಸಾಲಿನ ನಟ್ಟನಡುವೆ, ಸೆಂಟರ್ ಎಂಬ ಸ್ಥಾನದಲ್ಲಿ, 15 ವರ್ಷ ಆಡಿದವರು ಮೆಲ್ ಹೈನ್. (ಹೆಸರು ಕೇಳಿ ನಮ್ಮವರಿಗೆ ಹಾಲು ಮೊಸರಿನ ನೆನಪಾದರೆ ತಪ್ಪಿಲ್ಲ.) 1909ರಲ್ಲಿ ಕ್ಯಾಲಿಫೋರ್ನಿಯದ ರೆಡ್ಡಿಂಗಿನಲ್ಲಿ ಜನಿಸಿದ ಇವರು ವಾಷಿಂಗ್ಟನ್ ಸ್ಟೇಟ್ ಕಾಲೇಜಿನಲ್ಲಿ ಓದಿ ಅಲ್ಲಿಯೇ ಹೆಸರಾದರು. ಆದರೆ ದೂರದ ಪಶ್ಚಿಮ ತೀರದ ಹುಡುಗನನ್ನು ಪೂರ್ವದ ವೃತ್ತಿ ತಂಡಗಳು ಹುಡುಕಿಕೊಂಡು ಬರಲಿಲ್ಲ. ಇವರೇ ಪತ್ರ ಬರೆದು ಕೆಲಸ ಕೇಳಬೇಕಾಯಿತು.

ಪ್ರಾವಿಡೆನ್ಸ್ ಪಟ್ಟಣದ ತಂಡವು ಪಂದ್ಯವೊಂದಕ್ಕೆ 125 ಡಾಲರು ಕೊಡಲು ಒಪ್ಪಿತು. ಹೈನ್ ಕರಾರಿಗೆ ಸಹಿ ಹಾಕಿ ಅಂಚೆಗೆ ಹಾಕಿಯೂ ಬಿಟ್ಟರು. ಆ ಬಳಿಕ ನ್ಯೂಯಾರ್ಕಿನ ಜಯಂಟ್ಸ್ ತಂಡವು 150 ಡಾಲರು ಕೊಡುವುದೆಂದು ತಿಳಿಯಿತು. ಇವರು ಮಾಡಿದ್ದೇನು? ಪ್ರಾವಿಡೆನ್ಸಿನ ಪೋಸ್ಟ್ ಮಾಸ್ತರರಿಗೇ ತಂತಿ ಕೊಟ್ಟು, ತನ್ನ ಲಕೋಟೆಯನ್ನು ಬಟವಾಡೆ ಮಾಡದೆ ಹಿಂದಿರುಗಿಸಬೇಕೆಂದು ಬೇಡಿಕೊಂಡರು. ಆ ಪುಣ್ಯಾತ್ಮರು ಹಿಂದಿರುಗಿಸಿದರು! ಊರು ಬಿಟ್ಟು ದುಡಿಯುವವನಿಗೆ 25 ಡಾಲರುಗಳ ಅಂತರವೆಂದರೇನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1931ರಲ್ಲಿ ಹೈನ್ ನ್ಯೂಯಾರ್ಕಿಗೆ ಬಂದರು. 1945ರವರೆಗೆ ತಂಡ ಬದಲಿಸಲಿಲ್ಲ.

ಸೆಂಟರನ ಕೆಲಸವನ್ನು ಸ್ವಲ್ಪ ವಿವರಿಸುವೆವು. ತಲೆ ತಗ್ಗಿಸಿ, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವವನ ಕೈಗೆ ಸರಿಯಾಗಿ ತಲುಪುವಂತೆ ಎಸೆಯಬೇಕು. ಮರುಕ್ಷಣವೇ ಮೇಲೆ ಬೀಳುವ ಎದುರಾಳಿಯನ್ನು ತಡೆಯಬೇಕು. ಅಂದು ಶಿರಸ್ತ್ರಾಣವು ತೊಗಲಿನದು, ಮುಖಕ್ಕೆ ರಕ್ಷಣೆಯಿಲ್ಲ. ಅಷ್ಟೇ ಅಲ್ಲ, ದಾಳಿಗೊಂದು ಗುಂಪು, ರಕ್ಷಣೆಗೊಂದು ಗುಂಪು ಎಂಬ ಈಗಿನ ಏರ್ಪಾಡು ಆಗ ಇರಲಿಲ್ಲ. ಚೆಂಡು ಎದುರಾಳಿಗಳ ವಶವಾದರೆ ಅವರನ್ನು ಕೆಡಹುವುದಕ್ಕೂ ಇವರೇ ನಿಲ್ಲಬೇಕು. ಹೀಗೆ ಪಂದ್ಯದ 60 ನಿಮಿಷವೂ ಮೈದಾನದಲ್ಲಿರುವುದು ಹೈನ್ ಅವರಿಗೆ ರೂಢಿಯ ಮಾತಾಗಿತ್ತು.

ಚೆಂಡು ಹಿಡಿದು ಓಡುವ ಭಾಗ್ಯ ಇಂಥವರಿಗೆ ಅಪರೂಪ. 1933ರ ಡಿಸೆಂಬರದಲ್ಲಿ, ಶಿಕಾಗೋದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದೊಮ್ಮೆ ಒದಗಿತು. ಆಟಗಾರರನ್ನು ಜಾಣತನದಿಂದ ಸರಿಸಿ ಹೈನ್ ಸಾಲಿನ ಕೊನೆಯವರಾಗುವಂತೆ ಮಾಡಲಾಯಿತು. ಕೊನೆಯವನು ಚೆಂಡು ಪಡೆಯುವುದು ನಿಯಮಬದ್ಧ. ಇವರು ಕೊಟ್ಟ ಚೆಂಡನ್ನು ಹ್ಯಾರಿ ನ್ಯೂಮನ್ ಒಡನೆಯೇ ಇವರಿಗೆ ಮರಳಿಸಿ, ತನ್ನಲ್ಲಿಯೇ ಚೆಂಡಿದೆಯೆಂಬಂತೆ ನಟಿಸಿದರು. ಹೈನ್ ಅದನ್ನು ಅಂಗಿಯೊಳಗೆ ಅಡಗಿಸಿ ಏನೂ ಅರಿಯದವರಂತೆ ನಡೆಯತೊಡಗಿದರು. ಕೆಲವು ಹೆಜ್ಜೆಗಳಾದ ಮೇಲೆ ತಾಳ್ಮೆ ತಪ್ಪಿತು, ಓಡಿದರು. ಓಡಿದ್ದೇ ಗುಟ್ಟು ರಟ್ಟಾಗಿ ಎದುರಾಳಿಯೊಬ್ಬನು ಹಿಡಿದು ಕೆಡವಿದನು. ಜಯಂಟ್ಸ್ 21, ಎದುರಾಳಿ ಬೇರ್ಸ್ 23. ಇನ್ನಷ್ಟು ದೂರ ನಡೆದೇ ಹೋಗಿದ್ದರೆ ಎಂದು ನಮಗೂ ಅನಿಸದಿರದು.

ಮರುವರ್ಷ 1934ರಲ್ಲಿಯೂ, ಪುನಃ 1938ರಲ್ಲಿಯೂ ಜಯಂಟ್ಸ್ ಚಾಂಪಿಯನ್ನರಾದರು. 1938ರಲ್ಲಿ ಇಡೀ ಲೀಗಿನ ಅತ್ಯಂತ ಬೆಲೆಯುಳ್ಳ ಆಟಗಾರನೆಂಬ ಗೌರವವು ಹೈನ್ ಅವರಿಗೆ ಸಂದಿತು. ಆ ಬಳಿಕ ಯಾವ ಸೆಂಟರನಿಗೂ ಅದು ದೊರೆತಿಲ್ಲ. ಇಷ್ಟಿದ್ದೂ ಅಂದಿನ ಓಟಗಾರರನ್ನು ಹೆಸರಿಸುವ ಕ್ರೀಡಾಭಿಮಾನಿಗಳಲ್ಲಿ ಹೈನ್ ಯಾರೆಂದು ಕೇಳುವವರೇ ಹೆಚ್ಚು.

ಎರಡನೆಯ ಮಹಾಯುದ್ಧದಲ್ಲಿ ತರುಣರು ಸೈನ್ಯಕ್ಕೆ ಹೋದಾಗ ತಂಡಕ್ಕೆ ಆಳಿಲ್ಲದಾಯಿತು. ಹೈನ್ ಆಗ ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ನೌಕರಿ ಹಿಡಿದಿದ್ದರು. ವಾರವಿಡೀ ಕಾಲೇಜಿನ ಕೆಲಸ, ಆದಿತ್ಯವಾರ ನ್ಯೂಯಾರ್ಕಿನಲ್ಲಿ ಪಂದ್ಯ. ಸಾಲಿನ ನಡುವಿನ ಅದೇ ಸ್ಥಾನ. 36ನೆಯ ವಯಸ್ಸಿನಲ್ಲಿ ಆಟ ನಿಲ್ಲಿಸಿದರು. ಅನಂತರ ಬಹುಕಾಲ ತರಬೇತುದಾರರಾಗಿದ್ದು, ಮುಂದೆ ಅಂಪೈರುಗಳ ಮೇಲ್ವಿಚಾರಣೆಯನ್ನೂ ನೋಡಿಕೊಂಡರು. 1963ರಲ್ಲಿ ಕ್ಯಾಂಟನ್ನಿನ ಫುಟ್‌ಬಾಲ್ ಕೀರ್ತಿಭವನವು ಆರಿಸಿದ ಮೊದಲ ತಂಡದಲ್ಲಿಯೇ ಇವರ ಹೆಸರಿತ್ತು. 1992ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸಾನ್ ಕ್ಲೆಮೆಂಟೆಯಲ್ಲಿ ತೀರಿಕೊಂಡರು. ಇವರು ತೊಟ್ಟ 7ನೆಯ ಸಂಖ್ಯೆಯ ಅಂಗಿಯನ್ನು ಜಯಂಟ್ಸ್ ತಂಡವು ಇವರ ಹೆಸರಿಗೇ ಮೀಸಲಿಟ್ಟಿದೆ.